ಹದಿನೆಂಟು ನಿಮಿಷದ ಬ್ಯಾಟರಿ

ಅಕ್ಟೋಬರ್ 1, ಬುಧವಾರ

ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಇಳಿಗೆಮಣೆ, ಕತ್ತರಿ, ಸ್ಕೂಟರ್ ಕೀ, ಮಿಕ್ಸರ್ ಜಾರು... ಅವ್ವ ಎಲ್ಲವನ್ನೂ ದೇವರ ಜಗಲಿ ಮುಂದೆ ಸಾಲಾಗಿ ಇಟ್ಟಳು. ಕೊನೆಗೆ ನನ್ನ ಲ್ಯಾಪ್‌ಟಾಪ್.

“ನಿನ್ನ ಖಂಡೆ ಇದ ಅಲ್ಲೇನೋ ಬಸವಕಿರಣ?”

ಹೋದ ವರ್ಷ ಪಟಾನ್‌ಚೆರು ಫ್ಯಾಕ್ಟರಿಯ ಐಡಿ ಕಾರ್ಡಿಗೆ ಪೂಜೆ ಆಗಿತ್ತು. ಈ ಆಗಸ್ಟಿನಲ್ಲಿ ಅದನ್ನು ಗೇಟಿನಲ್ಲೇ ಇಸಕೊಂಡರು. ಲ್ಯಾಬಿನ ಹನ್ನೊಂದು ಜನರನ್ನು ಒಂದೇ ದಿನ ಮನೆಗೆ ಕಳಿಸಿದರು. ಈಗ ಉಳಿದಿರೋ ಆಯುಧ ಇದೊಂದೇ.

ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ, ಮೇಲೊಂದು ಚೆಂಡು ಹೂ. ಚಾರ್ಜರಿಗೂ ಹಚ್ಚಿದಳು. ಒರೆಸಬಾರದು ಅಂತ ತಾಕೀತು.

13ಕ್ಕೆ, ಬೆಳಿಗ್ಗೆ ಹತ್ತಕ್ಕೆ, ಹೊಸ ಕೆಲಸದ ಆನ್‌ಲೈನ್ ಟೆಸ್ಟ್. ಒಂದೂವರೆ ತಾಸು, ಕ್ಯಾಮೆರಾ ಆನ್, ರಿಜಿಸ್ಟರ್ ಮಾಡಿದ ಲ್ಯಾಪ್‌ಟಾಪಿನಲ್ಲೇ ಬರೆಯಬೇಕು. ಮೂವತ್ತು ಕಡೆ ಅರ್ಜಿ ಹಾಕಿದ್ದೆ, ಕರೆ ಬಂದಿದ್ದು ಇದೊಂದು.

ಅಕ್ಟೋಬರ್ 3, ಶುಕ್ರವಾರ

ಚಾರ್ಜ್ ಆಗುತ್ತಿಲ್ಲ. ಪ್ಲಗ್ ಹಾಕಿದರೆ ಲೈಟೇ ಇಲ್ಲ.

ಬ್ಯಾಟರಿ ಮೊದಲೇ ಮುದಿ. ನೂರು ಪರ್ಸೆಂಟ್ ತೋರಿಸಿದರೂ ಹದಿನೆಂಟು ನಿಮಿಷ — ಗಡಿಯಾರ ಇಟ್ಟು ನೋಡಿದ್ದೇನೆ. ವೈರ್ ಇಲ್ಲದಿದ್ದರೆ ಬರೀ ತಗಡು.

ಯೂಟ್ಯೂಬಿನವನು ಹೇಳಿದ್ದೆಲ್ಲ ಮಾಡಿದೆ. ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಅಡುಗೆಮನೆ ಪ್ಲಗ್, ಹಾಲ್ ಪ್ಲಗ್, ಫ್ರಿಜ್ ಸರಿಸಿ ಅದರ ಪ್ಲಗ್. ವೈರ್ ತಿರುಚಿದೆ, ಊದಿದೆ, ಬೈದೆ.

ಅವ್ವ ಒಳಗಿಂದ, “ಹಂಗ ಬೈಬ್ಯಾಡೋ. ಪೂಜಿ ಆದ ವಸ್ತು ಅದು.”

ಅಕ್ಟೋಬರ್ 4, ಶನಿವಾರ

ಹಿಮಾಯತ್‌ನಗರಕ್ಕೆ ಹೋದೆ. ಮಹಡಿ ಮೇಲಿನ ರಿಪೇರಿ ಅಂಗಡಿ. ಹಿಂದಿಯಲ್ಲಿ ಶುರು ಮಾಡಿದೆ. ಆತ ನನ್ನ ಹೆಸರು ಬರೆದುಕೊಂಡು ಕನ್ನಡಕ್ಕೆ ಬಂದ. ಸೂರ್ಯಕಾಂತ, ಬೀದರ ಕಡೆಯವ. ಪಿನ್ ಚುಚ್ಚುವ ತೂತಿಗೆ ಟಾರ್ಚ್ ಬಿಟ್ಟು ನೋಡಿದ.

“ಒಳಗೆಲ್ಲ ಬೆಳ್ಳಗ ಐತಿ. ಮನ್ಯಾಗ ಸುಣ್ಣಾ ಹೊಡಿಸೀರೇನ್ರಿ?”

ಹೌದು, ದಸರೆಗೆ ಮುಂಚೆ ಹೊಡೆಸಿದ್ದೆವು. ಬ್ರಷ್ ಹಾಕಿ ತಿಕ್ಕಿದ. ಲೈಟ್ ಬಂತು. ಇಷ್ಟೇನಾ? ನಾರಾಯಣಗೂಡದ ಮನೆವರೆಗೂ ಶಿಳ್ಳೆ ಹಾಕುತ್ತಾ ಬಂದೆ.

ಅಕ್ಟೋಬರ್ 6, ಸೋಮವಾರ

ಮತ್ತೆ ಸತ್ತಿದೆ! ನಿನ್ನೆ ಇಡೀ ದಿನ ಚೆನ್ನಾಗಿತ್ತು. ಇವತ್ತು ಸ್ನಾನ ಮುಗಿಸಿ ಬಂದು ನೋಡಿದರೆ ಲೈಟ್ ಇಲ್ಲ.

ಸೂರ್ಯಕಾಂತನ ಮೇಲೆ ಹರಿಹಾಯ್ದೆ. ಎಂಥ ರಿಪೇರಿ ಇದು, ಎರಡು ದಿನ ಬಾಳಲಿಲ್ಲ ಅಂದೆ. ಆತ ಮತ್ತೆ ತಿಕ್ಕಿದ, ಬೇರೆ ಚಾರ್ಜರ್ ಕೊಟ್ಟ. ಮತ್ತೇನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ.

ಅಕ್ಟೋಬರ್ 12, ಭಾನುವಾರ

ಆರು ದಿನ, ಒಂದು ತಕರಾರಿಲ್ಲ. ಮಾದರಿ ಟೆಸ್ಟ್ ಮೂರು ಬರೆದೆ. ನೂರು ಪರ್ಸೆಂಟ್. ವೈರ್ ತೆಗೆಯುವುದಿಲ್ಲ, ಹಾಗೇ ಇರಲಿ.

ಅವ್ವನಿಗೆ ನಾಳೆ ಉಪವಾಸ. ನೀರು ಸಹ ಮುಟ್ಟುವುದಿಲ್ಲವಂತೆ. ಬೇಡ ಅಂದರೆ ಕೇಳುವವಳಲ್ಲ.

ಅಕ್ಟೋಬರ್ 13, ಸೋಮವಾರ, 9:56

ಲೈಟ್ ಇಲ್ಲ. ಅಯ್ಯೋ, ಈಗಲೇ ಲೈಟ್

ಅದೇ ದಿನ, 11:30

ಹದಿನಾಲ್ಕನೇ ಪ್ರಶ್ನೆ. ಪರದೆ ಕಪ್ಪಾಯಿತು. ಒಟ್ಟು ಅರವತ್ತಿದ್ದವು.

ಎಷ್ಟೋ ಹೊತ್ತು ಕಪ್ಪು ಪರದೆಯಲ್ಲಿ ನನ್ನ ಮುಖವನ್ನೇ ನೋಡುತ್ತಾ ಕೂತೆ. ಆಮೇಲೆ ಪಿನ್ ಎಳೆದೆ. ತುದಿಗೆ ಬಿಳಿ ಮೆತ್ತಿತ್ತು. ಹಸಿ. ತೂತಿನಲ್ಲೂ ತುಂಬಿತ್ತು. ಸೇಫ್ಟಿ ಪಿನ್ನಿನಿಂದ ಕೆರೆದು ಮೂಸಿದೆ.

ಸುಣ್ಣ ಅಲ್ಲ.

ಎದ್ದೆ. ಬಾಯಿಗೆ ಬಂದಿದ್ದನ್ನೆಲ್ಲ ಅಂದೇಬಿಡುವವನಿದ್ದೆ. ಅಷ್ಟರಲ್ಲಿ ಅವ್ವನೇ ಜಗಲಿ ಮುಂದಿನಿಂದ ಎದ್ದು ಬಂದಳು. ಎರಡು ತಾಸು ಕೂತು ಕಾಲು ಜೋಮು ಹಿಡಿದಿತ್ತು, ಗೋಡೆ ಹಿಡಿದುಕೊಂಡಿದ್ದಳು. ತುಟಿ ಒಣಗಿತ್ತು.

“ಛಲೋ ಆತೇನಪಾ? ನೀ ಜಳಕಕ್ಕ ಹೋದಾಗ ಇವತ್ತ ವಾಯರ್ ತಗದು ವಿಭೂತಿ ಒಂದೀಟು ಜಾಸ್ತೀನ ಹಚ್ಚೀನಿ, ಆ ವಾಯರ್ ಚುಚ್ಚೂ ಬಾಯಿಗೆ. ಅಲ್ಲಿಂದನ ಅಲ್ಲೇನು ಅದಕ್ಕ ಜೀವಾ ಬರೂದು?”

“ಛಲೋ ಆತವ್ವಾ,” ಅಂದೆ. “ಈಗರ ನೀರು ಕುಡಿ.”

ಅಕ್ಟೋಬರ್ 14, ಮಂಗಳವಾರ

ಕಂಪನಿಗೆ ಮೇಲ್ ಹಾಕಿದೆ. ‘ತಾಂತ್ರಿಕ ತೊಂದರೆ’ ಅಂತ ಬರೆದೆ. ಮತ್ತೇನು ಬರೆಯಲಿ?

ಲ್ಯಾಪ್‌ಟಾಪ್ ತಿಕ್ಕಿಸಲು ಹೋಗಿ ಸೂರ್ಯಕಾಂತನಿಗೆ ಕ್ಷಮೆ ಕೇಳಿದೆ. ಆತ ನಕ್ಕ. “ಎರಡನೇ ಸಲಾನ ಗೊತ್ತಾಗಿತ್ರಿ ನನಗ. ನೀವು ಸಿಟ್ಟಿನ್ಯಾಗ ಇದ್ರಿ. ನಮ್ಮವ್ವ ನನ್ನ ಸೋಲ್ಡರಿಂಗ್ ಗನ್ನಿಗೂ ವಿಭೂತಿ ಹಚ್ಚದ ಬಿಟ್ಟಿಲ್ಲ.” ನೀವು ಏನು ಮಾಡಿದಿರಿ ಅಂತ ಕೇಳಿದೆ. ತೂತಿನೊಳಗೆ ಬ್ರಷ್ ತಿರುಗಿಸಿದ. “ಏನ್ ಮಾಡೂದ್ರಿ...”

ಅಕ್ಟೋಬರ್ 23, ಗುರುವಾರ

ಉತ್ತರ ಬಂತು! 27ಕ್ಕೆ ಇನ್ನೊಂದು ಅವಕಾಶ. ಇದೇ ಕೊನೆಯದು ಅಂತ ದಪ್ಪ ಅಕ್ಷರದಲ್ಲಿದೆ.

ಅವ್ವನಿಗೆ ನಿಜ ಹೇಳಲಾಗಲಿಲ್ಲ. ಎರಡನೇ ರೌಂಡಿಗೆ ಕರೆದಿದ್ದಾರೆ ಅಂದೆ. ಕಣ್ಣಿಗೆ ಸೆರಗು ಒತ್ತಿಕೊಂಡಳು. “ನಾ ಹೇಳಿದ್ನಿಲ್ಲೋ?”

ನನ್ನ ಸುಳ್ಳಿಗೆ ನಾನೇ ಸಿಕ್ಕಿಬಿದ್ದೆ. ಇನ್ನು ವಿಭೂತಿ ಬೇಡ ಅನ್ನುವುದು ಹೇಗೆ? ಕ್ಯಾಲೆಂಡರ್ ನೋಡಿದೆ. 27, ಸೋಮವಾರ. ಅವಳು ವಿಭೂತಿ ಹಚ್ಚುವ ದಿನವೇ.

ಅಕ್ಟೋಬರ್ 27, ಸೋಮವಾರ, 9:30

ಸ್ನಾನ ಐದಕ್ಕೇ ಮುಗಿಸಿದೆ. ಆಗಿನಿಂದ ಲ್ಯಾಪ್‌ಟಾಪ್ ಬಿಟ್ಟು ಎದ್ದಿಲ್ಲ. ಅವ್ವ ನಾಲ್ಕು ಸಲ ಬಾಗಿಲಿಗೆ ಬಂದು ಹೋದಳು. ಐದನೇ ಸಲ ಕೈಯಲ್ಲಿ ಬಟ್ಟಲು. ವಿಭೂತಿ ಕಲಸಿಕೊಂಡೇ ಬಂದಿದ್ದಾಳೆ.

“ಇವತ್ತ ಬ್ಯಾಡ ಬಿಡವ್ವಾ.”

ಸಿಟ್ಟಾಗಲಿಲ್ಲ. ಬಟ್ಟಲಿನ ಒಳಗೇ ನೋಡುತ್ತಾ ನಿಂತಳು. “ನನಗ ಓದಾಕ ಬರೂದಿಲ್ಲ. ಆ ಡಬ್ಬ್ಯಾಗ ಏನೈತೋ ಗೊತ್ತಿಲ್ಲ. ನೀ ದಿನಾ ಅದರ ಮುಂದ ಮಾರಿ ಸಣ್ಣ ಮಾಡ್ಕೊಂಡು ಕುಂದರತಿ. ನನ್ನ ಕೈಲೆ ಇನ್ನೇನು ಆಗತೈತಿ ಹೇಳು?”

ನನ್ನದೂ ಅವಳದೂ ಒಂದೇ ಗತಿ.

ವೈರ್ ಎಳೆದೆ. ಲ್ಯಾಪ್‌ಟಾಪ್ ಎತ್ತಿ ಅವಳ ಮುಂದೆ ಹಿಡಿದೆ. ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಅವಳ ಕಣ್ಣು ಈಗೀಗ ಮಂಜು. ಮೊದಲು ಮುಚ್ಚಳಕ್ಕೆ ಮೂರು ಗೆರೆ ಎಳೆದಳು. ಆಮೇಲೆ ಪಕ್ಕದಲ್ಲಿ ತಡಕಿ, ತಡಕಿ... ನನ್ನ ಉಗುರಿಗೆ ಬಂದು ನಿಂತಳು. ತಣ್ಣಗಿತ್ತು. ಕೈ ಒಂದು ಕ್ಷಣ ಅಲ್ಲೇ ತಡೆಯಿತು. ಉಗುರು ಅಂತ ತಿಳಿಯಿತೋ ಏನೋ. ಆದರೂ ಚೆನ್ನಾಗಿ, ಒತ್ತಿ ಹಚ್ಚಿದಳು.

9:58

ಲೈಟ್ ಇದೆ. ಹೆಬ್ಬೆರಳಿನ ವಿಭೂತಿ ತೊಳೆದಿಲ್ಲ. ಅವ್ವ ಜಗಲಿ ಮುಂದೆ ಕೂತಾಯಿತು. ಪಾಸ್‌ವರ್ಡ್ ಕೇಳುತ್ತಿದೆ... ಕೀಲಿಗಳ ಮೇಲೆಲ್ಲ ಬೆಳ್ಳಗೆ