ಒಂದೇ ಕಾಲಿನ ಲೇಸು

ಜೂನ್ ೧೦, ಮಂಗಳವಾರ

ಇವತ್ತೂ ಓಡಲಿಲ್ಲ.

ಹೆರಿಗೆಯಾದ ಮೇಲೆ ಇದೇ ಮೊದಲ ಸಲ ಅತ್ತೆ, ಮಂಡಿನೋವಿದ್ದರೂ ಮಗುವನ್ನು ಎತ್ತಿಕೊಂಡು, "ಹೋಗಮ್ಮ, ಒಂದ್ ಸುತ್ತು ಓಡಿ ಬಾ, ನಾನಿದೀನಿ" ಎಂದು ನನ್ನನ್ನು ಹೊರಗಟ್ಟಿದರು.

ಶೂ ಕಿರ್ರೆಂದರೆ ಮಗು ಎದ್ದುಬಿಡುತ್ತದೆ. ಕೈಯಲ್ಲೇ ಹಿಡಿದು ಹೋಗಿ ಮೆಟ್ಟಿಲ ಮೇಲೆ ಕೂತೆ. ಒಂದು ಕಾಲಿಗೆ ಲೇಸು ಕಟ್ಟಿದ್ದು ನೆನಪಿದೆ. ತಲೆ ಗೋಡೆಗೊರಗಿದ್ದು ನೆನಪಿಲ್ಲ. ಬಾಗಿಲಾಚೆ ಮಗು ಅತ್ತಾಗಲೇ ಎಚ್ಚರ. ಇನ್ನೊಂದು ಶೂ ಮಡಿಲಲ್ಲಿ ಹಾಯಾಗಿ ಮಲಗಿತ್ತು. ಆ ಅಳು ಕೇಳಿದ್ದೇ ತಡ, ಹಾಲಿಳಿದು ಅಂಗಿಯ ಮುಂಭಾಗವೆಲ್ಲ ಒದ್ದೆ. ಗಡಿಬಿಡಿಯಲ್ಲಿ ಶೂ ತುರುಕಿಕೊಂಡು ಬಾಗಿಲು ತಟ್ಟಿದೆ.

ಅತ್ತೆಯ ಮುಖ ಅರಳಿತು. "ಅಬ್ಬಾ, ಎಷ್ಟು ಬೆವ್ತಿದೀಯೇ! ಮುಖಕ್ಕೂ ಕಳೆ ಬಂತು ನೋಡು."

ಅದು ಬೆವರಲ್ಲ, ಹಾಲು. ಮಗುವನ್ನು ಇಸಿದುಕೊಂಡು ಒಳಗೆ ಹೋದೆ. ನಾನು ಹಾಲೂಡಿಸುತ್ತ ಕೂತಿದ್ದಾಗ ಅವರು ಮಗನಿಗೆ ಫೋನು ಹಚ್ಚಿದ್ದರು. "ನಿನ್ ಹೆಂಡ್ತಿ ಕುದುರೆ ಕಣೋ! ಇನ್ಮೇಲೆ ದಿನಾ ಕಳಿಸ್ತೀನಿ."

ಓಡಬೇಕು, ಓಡಬೇಕು ಎಂದು ಮನೆಯವರ ತಲೆ ತಿಂದವಳು ನಾನೇ. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ, ನನಗೆ ಬೀದಿ ಬೇಡ, ನಾಳೆಯೂ ಆ ಮೆಟ್ಟಿಲಷ್ಟೇ ಸಾಕು ಎಂದು?