ಕಾರ್ನೇಷನ್ ಎಲೆಯ ಬೂದಿ ಬಣ್ಣ

ಅಪ್ಪಾ,

ನೀನಿದ್ದಿದ್ದರೆ ಇವತ್ತು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ನಾನು ಊಟ ಮುಗಿಸಿ ಹೂವಿನಂಗಡಿಗೆ ಮರಳುವಷ್ಟರಲ್ಲಿ ನನ್ನ ಅತ್ತೆ ಒದ್ದೆ ಬಟ್ಟೆ ಹಿಡಿದು, ಹನ್ನೆರಡು ಕಾರ್ನೇಷನ್ ಗಿಡಗಳ ಒಂದೊಂದು ಎಲೆಯನ್ನೂ ಉಜ್ಜಿ ಹಸಿರು ಮಾಡಿಬಿಟ್ಟಿದ್ದರು.

"ಎಷ್ಟು ಧೂಳು ಕೂತಿತ್ತು! ಅಂಗಡಿ ಇಟ್ಟವಳಿಗೆ ಕಣ್ಣು ಬೇಡ್ವಾ?" ಎಂದರು.

"ಅತ್ತೇ, ಅದು ಧೂಳಲ್ಲ, ಎಲೆ ಮೇಲಿರೋ ಮೇಣ. ಗಿಡದ ನೀರು ಆರದ ಹಾಗೆ ಕಾಯುತ್ತೆ. ಅದಕ್ಕೇ ಎಲೆ ಬೂದಿ ಬಣ್ಣ ಕಾಣೋದು."

"ಅಯ್ಯೋ, ಇಷ್ಟೊತ್ತು ನಾನು ಅದರ ಬಟ್ಟೆ ಬಿಚ್ತಾ ಇದ್ನಾ!"

ಇಬ್ಬರೂ ನಕ್ಕು ಸುಸ್ತಾದೆವು. ಹೊಸ ಎಲೆಗಳು ಮೇಣ ಹೊತ್ತೇ ಬರುತ್ತವೆ ಎಂದು ಸಮಾಧಾನ ಹೇಳಿ, ಪ್ರಾಯಶ್ಚಿತ್ತಕ್ಕೆ ಕಡ್ಡಿ ನೆಡುವ ಕೆಲಸ ಕೊಟ್ಟೆ. ಕಾಂಡದ ಗಂಟುಗಂಟಿಗೂ ಎದುರುಬದುರಾಗಿ ಎರಡು ಸಪೂರ ಎಲೆಗಳಿರುವುದನ್ನು ತೋರಿಸಿ, ಗಂಟಿನ ಕೆಳಗೆ ಕತ್ತರಿಸಿ ನೆಟ್ಟರೆ ಬೇರು ಬಿಡುತ್ತದೆ ಎಂದೆ.

"ಇದೆಲ್ಲ ಯಾವ ಪುಸ್ತಕದಲ್ಲಿದೆಯೇ?"

ಪುಸ್ತಕದಲ್ಲಿ ಓದಿದ್ದೆಂದೇ ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಿದ್ದೆ, ಅಪ್ಪಾ. ಇವತ್ತು ಬಾಯಿ ತಪ್ಪಿ ನಿಜ ಬಂತು.

"ನಮ್ಮಪ್ಪ ಹೇಳಿಕೊಟ್ಟಿದ್ದು."

"ನಿಮ್ಮಪ್ಪ ಆಸ್ಪತ್ರೇಲಿ ಕೆಲಸಕ್ಕಿದ್ರು ಅಂದಿದ್ದೆಯಲ್ಲ?"

"ಹೌದು. ಆಸ್ಪತ್ರೆ ತೋಟದಲ್ಲಿ."

ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ಜೋಪಾನವಾಗಿ ಕೆಳಗಿಟ್ಟರು. "ಅಂಥವರನ್ನ ಒಂದ್ಸಲನಾದ್ರೂ ಈ ಅಂಗಡಿಗೆ ಕರೀಬಾರದಿತ್ತಾ?"

ನಾನು ಇನ್ನೊಂದು ಕುಂಡಕ್ಕೆ ಮಣ್ಣು ತುಂಬಿದೆ.

ಸಂಜೆಯವರೆಗೂ ಅತ್ತೆಯದೇ ದರ್ಬಾರು. ಬಂದ ಗಿರಾಕಿಗಳಿಗೆಲ್ಲ ಎದೆಯುಬ್ಬಿಸಿ, "ನಮ್ಮ ಬೀಗರು ಮಾಲಿಯಾಗಿದ್ರು ಕಣ್ರೀ, ಗಿಡದ ವಿಷಯದಲ್ಲಿ ಅವರನ್ನ ಬಿಟ್ಟರೆ ಇಲ್ಲ" ಎನ್ನುತ್ತಿದ್ದರು. ನಾನೂ ಪಕ್ಕದಲ್ಲೇ ನಿಂತು ಜೋರಾಗಿ ಹೌದು ಹೌದು ಎಂದೆ.

ಇಂತಿ,
ಮಾಲಿಯ ಮಗಳು