ಮಾವನ ಒಡಹುಟ್ಟಿದ ತಮ್ಮ

ಬರೆತೊಸ್, ಶುಕ್ರವಾರ

ಮೂರು ಹಸುಗಳ ಒಡತಿ, ಸಮಸ್ತ ಮೊಮ್ಮಕ್ಕಳ ಕಿವಿಗಳಿಗೆ ಸಿಂಹಸ್ವಪ್ನ, ಗೋಯಾಸ್ ಸೀಮೆಯ ಚೀಸ್ ಚಕ್ರವರ್ತಿನಿ ಶ್ರೀಮತಿ ಅಜ್ಜಿಯವರ ದಿವ್ಯ ಸನ್ನಿಧಾನಕ್ಕೆ ಮೊಮ್ಮಗ ವಾಂದೆರ್ಲೆಯ ಉದ್ದಂಡ ನಮಸ್ಕಾರಗಳು.

ಮೊದಲು ಒಂದು ಗಂಭೀರ ಪ್ರಶ್ನೆ. ಅಜ್ಜಿ, ನಿಮಗೆ ಗಂಡುಮಕ್ಕಳು ಎಷ್ಟು? ಅದೆನೋರ್ ಮಾವ ಒಬ್ಬನೇ ಎಂದು ನಾನು ನಂಬಿದ್ದೆ. ನಿನ್ನೆ ಇಲ್ಲಿಯ ಗೂಳಿ ಸವಾರಿಯ ಮೈದಾನದಲ್ಲಿ ಮಾವ ವೇದಿಕೆ ಹತ್ತಿ, ಕೆಂಗೂದಲಿನ ಉದ್ದನೆಯವನೊಬ್ಬನನ್ನು ತಬ್ಬಿಕೊಂಡು, "ಇವ್ನು ನನ್ನ ಒಡಹುಟ್ಟಿದ ತಮ್ಮ ಅದೆಲೀನೊ! ಒಂದೇ ತಟ್ಟೇಲಿ ಅನ್ನ, ಕಾಳುಸಾರು ಉಂಡು ಬೆಳೆದ್ವಿ!" ಎಂದು ಕೂಗಿದ. ಜನ ಟೋಪಿ ಎಸೆದು ಕುಣಿದರು. ನನಗೆ ಅನುಮಾನ ಬಂತು.

ಹಾಡು ಮುಗಿದ ಮೇಲೆ ಕೇಳಿದೆ: "ಮಾವ, ಹೋದ ವರ್ಷದ ಅದೆಲೀನೊ ಕುಳ್ಳಗಿದ್ನಲ್ಲ?"

"ಬೆಳೆದ ಕಣೋ. ನಿಂಗ್ಯಾಕೆ ಹೊಟ್ಟೆಯುರಿ?"

"ಇವ್ನು ಹಸು ಕಂಡ್ರೆ ಓಡ್ತಾನಲ್ಲ, ಅಜ್ಜಿ ಮಗ ಹೇಗಾದ?"

"ಮುಚ್ಚೋ ಬಾಯಿ. ತಮ್ಮ ಇಲ್ದಿದ್ರೆ ಕೆಳದನಿ ಯಾರು ಹಾಡ್ತಾರೆ, ನಿಮ್ಮಜ್ಜೀನಾ?"

ಅದೂ ನಿಜವೇ. ಜನ ದುಡ್ಡು ಕೊಟ್ಟು ಬರುವುದೇ 'ಅದೆನೋರ್-ಅದೆಲೀನೊ' ಎಂಬ ಅಣ್ಣತಮ್ಮಂದಿರ ಹಾಡು ಕೇಳಲು; ಆ ಜೋಡಿಯ ಹೆಸರು ಮುರಿದರೆ ಮಾವ ಮತ್ತೆ ಹಾಲಿನ ಲಾರಿ ಓಡಿಸಬೇಕಾದೀತು. ಆದರೆ ಆ ಉದ್ದನೆಯ ತಮ್ಮ ಇವತ್ತು ಬೆಳಗ್ಗೆ ಹೇಳದೆ ಕೇಳದೆ ಬೇರೊಬ್ಬನ ತಮ್ಮನಾಗಲು ಹೋಗಿಬಿಟ್ಟ. ಸಂಜೆ ಮತ್ತೆ ಹಾಡಬೇಕು.

ಮಾವನ ಗಂಟಲು ಚೆನ್ನಾಗಿದೆ. ನನ್ನ ಹಲ್ಲುನೋವು ಇಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು, ಆದ್ದರಿಂದ ಒಂದು ಸಣ್ಣ ತಪ್ಪೊಪ್ಪಿಗೆ: ಇವತ್ತು ಸಂಜೆಯಿಂದ ಅದೆಲೀನೊ ನಾನೇ. ರೇಡಿಯೊದವರು ಬಂದು ಕೇಳಿದರೆ ನನ್ನನ್ನು ಹೆತ್ತದ್ದು ನೀವೇ ಎಂದುಬಿಡಿ. ಅಮ್ಮನಿಗೆ ನಾನು ನಿಧಾನವಾಗಿ ಹೇಳುತ್ತೇನೆ.